ದುಂಡನೆಯ ಮೂತಿಯೆಲ್ಲ ರೇಡಿಯಲ್ ಎಂಜಿನ್ನೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜರ್ಮನಿಯ ಜಂಕರ್ಸ್ ಜು-88 ಬಾಂಬರ್ ಬಗ್ಗೆ ಬಂದ ಲೇಖನ ಓದಿದೆ. 1940ರ ಚಿತ್ರದ ಕೆಳಗೆ ‘ಎರಡು ರೇಡಿಯಲ್ ಎಂಜಿನ್‌ಗಳ ವಿಮಾನ’ ಎಂದು ಅಚ್ಚಾಗಿದೆ. ನನ್ನ ಮೊಮ್ಮಗ ಅದನ್ನು ಕತ್ತರಿಸಿ ಸ್ಕೂಲಿನ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸಿದ್ದಾನೆ. ತಪ್ಪು ಕಣೋ ಎಂದರೆ, ‘ಪೇಪರ್‌ನಲ್ಲೇ ಬಂದಿದೆಯಲ್ಲ ತಾತ’ ಅನ್ನುತ್ತಾನೆ. ಮೂವತ್ತೊಂದು ವರ್ಷ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಪಾಠ ಹೇಳಿದವನು ಇದನ್ನು ಹೇಗೆ ನುಂಗಲಿ?

ರೇಡಿಯಲ್ ಎಂದರೆ ಚಕ್ರದ ಕಡ್ಡಿಗಳ ಹಾಗೆ ಸುತ್ತಲೂ ಸಿಲಿಂಡರು ಜೋಡಿಸಿದ ಎಂಜಿನ್, ಅದರ ಮೂತಿ ದುಂಡಗಿರುತ್ತದೆ. ಈ ವಿಮಾನದ ಎಂಜಿನ್ನಿನ ಮುಂಭಾಗವೂ ದುಂಡಗಿರುವುದರಿಂದ ಯಾರಾದರೂ ಮೋಸಹೋಗುತ್ತಾರೆ, ನಿಜ. ಒಳಗಿರುವುದು ಜುಮೊ 211. ಹನ್ನೆರಡು ಸಿಲಿಂಡರು, ವಿ ಅಕ್ಷರವನ್ನು ಬೋರಲು ಹಾಕಿದಂಥ ಜೋಡಣೆ, ದ್ರವದಿಂದ ತಂಪಾಗುವ ಎಂಜಿನ್. ಅದರ ರೇಡಿಯೇಟರನ್ನು ಪ್ರೊಪೆಲರ್‌ನ ಬೆನ್ನಿಗೇ ಬಳೆಯ ಹಾಗೆ ಸುತ್ತ ಕೂರಿಸಿದ್ದಾರೆ. ನಮ್ಮ ಆಲೆಮನೆಗಳಲ್ಲಿ ಗಾಣದ ಎಂಜಿನ್ ಪಕ್ಕ ನೀರಿನ ಡ್ರಮ್ಮಿಟ್ಟು ಪೈಪು ಕೊಡುತ್ತಿದ್ದರಲ್ಲ, ಅದೇ ಕೆಲಸ. ಡ್ರಮ್ಮು ಮಾತ್ರ ಎಂಜಿನ್ನಿನ ಕೊರಳಿಗೆ ಬಿದ್ದಿದೆ. ಮುಂದೆ ಕೆಲವು ಮಾದರಿಗಳಿಗೆ ಬಿಎಂಡಬ್ಲ್ಯು 801 ಎಂಬ ಅಸಲಿ ರೇಡಿಯಲ್ ಬಂತು. 1940ರ ಚಿತ್ರಕ್ಕೆ ಅದು ಹೊಂದದು.

ಇನ್ನೊಂದು ತಕರಾರು. ನಿಮ್ಮ ಲೇಖನದ ಪ್ರಕಾರ ಈ ವಿಮಾನವನ್ನು ಮೊದಲಿನಿಂದಲೇ ‘ಎಲ್ಲದಕ್ಕೂ ಸೈ’ ಎಂದು ರೂಪಿಸಿದರಂತೆ! 1935ರಲ್ಲಿ ಜರ್ಮನ್ ವಾಯುಯಾನ ಸಚಿವಾಲಯ ಕೇಳಿದ್ದು ಫೈಟರ್‌ಗಳ ಕೈಗೆ ಸಿಗದೆ ಓಡುವ ಬಾಂಬರ್, ಅಷ್ಟೇ. ಮೊದಲನೆಯದು 1936ರ ಡಿಸೆಂಬರ್ 21ರಂದು ಹಾರಿತು. 1939ರ ಮಾರ್ಚಿನಲ್ಲಿ ಇನ್ನೊಂದು, 2,000 ಕೆ.ಜಿ. ಹೊತ್ತು 1,000 ಕಿ.ಮೀ. ಸುತ್ತನ್ನು ಗಂಟೆಗೆ 517 ಕಿ.ಮೀ. ವೇಗದಲ್ಲಿ ಮುಗಿಸಿ ದಾಖಲೆ ಬರೆಯಿತು. ಅಷ್ಟು ಹೊತ್ತಿಗೆ ಮೇಲಿನವರಿಗೆ ಇದು ಹದ್ದಿನಂತೆ ಎರಗಿ ಬಾಂಬ್ ಹಾಕಲೂ ಬೇಕು ಅನ್ನಿಸಿತ್ತು. ಎರಗುವಾಗ ವೇಗ ತಡೆಯಲು ರೆಕ್ಕೆಯಡಿ ಬ್ರೇಕು, ಗಟ್ಟಿ ಚೌಕಟ್ಟು ಬಂದವು. ತೂಕ ಏರಿತು, ವೇಗ ಇಳಿಯಿತು. ಕೆಲಸ ಅರ್ಧ ಆದ ಮೇಲೆ ಡ್ರಾಯಿಂಗ್ ತಿದ್ದಿಸುವ ಸಾಹೇಬರನ್ನು ನಾನೂ ಕಂಡಿದ್ದೇನೆ. ಇಂಗ್ಲೆಂಡಿನ ಮೇಲೆ ಹೋದಾಗ ಬ್ರಿಟಿಷರ ಸ್ಪಿಟ್‌ಫೈರ್ ಫೈಟರ್‌ಗಳು ಇದನ್ನು ಬೆನ್ನಟ್ಟಿ ಹಿಡಿದವು.

ಆ ಗಟ್ಟಿ ಮೈ ಆಮೇಲೆ ಬೇರೆ ಕೆಲಸಕ್ಕೆ ಒದಗಿತು. ಆರ್ಕ್ಟಿಕ್‌ನಲ್ಲಿ ರಷ್ಯಾಕ್ಕೆ ಸಾಮಾನು ಒಯ್ಯುವ ಹಡಗುಗಳಿಗೆ ಟಾರ್ಪೆಡೊ ಬಿಟ್ಟಿತು. ಮೂತಿಗೆ ರೇಡಾರ್ ಕಡ್ಡಿ ಕಟ್ಟಿಕೊಂಡು ರಾತ್ರಿ ಫೈಟರ್ ಆಯಿತು. ಬ್ರಿಟಿಷ್ ಬಾಂಬರ್‌ಗಳ ಬಾಲದಲ್ಲಿ ಹಿಂದಿನಿಂದ ಬರುವವರ ಸುಳಿವು ಕೊಡುವ ‘ಮೋನಿಕಾ’ ರೇಡಾರ್ ಇತ್ತು. ಜರ್ಮನ್ನರ ‘ಫ್ಲೆನ್ಸ್‌ಬರ್ಗ್’ ಉಪಕರಣ ಮೋನಿಕಾ ಬಿಡುವ ರೇಡಿಯೊ ಅಲೆಯನ್ನೇ ಹಿಡಿದು ಬೆನ್ನು ಹತ್ತುತ್ತಿತ್ತು. ಕಳ್ಳ ಬಂದರೆ ಬೊಗಳಲಿ ಎಂದು ಕಟ್ಟಿದ ನಾಯಿ, ಮನೆ ಇಲ್ಲಿದೆ ಎಂದು ಕಳ್ಳನಿಗೇ ಕೂಗಿ ಹೇಳಿದ ಹಾಗೆ. 1944ರ ಜುಲೈ 13ರಂದು ಇಂಥದೊಂದು ಜು-88 ದಾರಿ ತಪ್ಪಿ ಇಂಗ್ಲೆಂಡಿನ ವುಡ್‌ಬ್ರಿಜ್‌ನಲ್ಲಿ ತಾನಾಗಿ ಇಳಿಯಿತು. ಗುಟ್ಟು ಹೊರಬಿತ್ತು, ಬ್ರಿಟಿಷರು ಮೋನಿಕಾವನ್ನು ಕಿತ್ತುಹಾಕಿದರು. ನಿಮ್ಮ ಲೇಖನ ಪೈಲಟ್‌ಗಳ ಮೆಡಲ್‌ಗೆ ಒಂದಿಡೀ ಕಾಲಂ ಕೊಟ್ಟಿದೆ, ಈ ಸಂಗತಿಗೆ ಒಂದು ಸಾಲೂ ಇಲ್ಲ.

ಯುದ್ಧದ ಕೊನೆಯಲ್ಲಿ ಜು-88ಗಳ ಮೂತಿಗೆ ಸ್ಫೋಟಕ ತುಂಬಿ, ಬೆನ್ನ ಮೇಲೊಂದು ಫೈಟರ್ ಕೂರಿಸಿ, ಗುರಿಯ ಹತ್ತಿರ ಕೆಳಗಿನದನ್ನು ಕಳಚಿಬಿಡುತ್ತಿದ್ದರು. ಇದನ್ನು ‘ಬಹುಮುಖ ಪ್ರತಿಭೆ’ ಎಂದು ಹೊಗಳುವುದು ನನ್ನಿಂದಾಗದು.

ಒಂದಿಂಚು ತಿದ್ದುಪಡಿ ಹಾಕಿಸಿ. ಪ್ರಾಜೆಕ್ಟ್ ಪುಸ್ತಕ ಒಪ್ಪಿಸುವುದು ಬರುವ ಸೋಮವಾರ. ಪೇಪರ್‌ನಲ್ಲಿ ಬಂದರೆ ಅದನ್ನೂ ಪಕ್ಕದಲ್ಲೇ ಅಂಟಿಸುತ್ತೇನೆ ಎಂದು ಒಪ್ಪಿದ್ದಾನೆ.

– ನಿವೃತ್ತ ಐಟಿಐ ಬೋಧಕ, ಮಂಡ್ಯ