ಮಗಳಿಗೊಂದು ಪತ್ರ: ಬ್ರೋಕರ್ ಬಾಯಿ ತೆರೆಯುವ ಮೊದಲು

ಡೊಂಬಿವಲಿ

ಪ್ರೀತಿಯ ಅಕ್ಷತಾ,

ಶನಿವಾರ ಪುಣೆಯ ವಾಕಡ್‌ನಲ್ಲಿ ನಾಲ್ಕು ಫ್ಲ್ಯಾಟ್ ನೋಡಲಿಕ್ಕಿದೆ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ "ಗೊತ್ತಮ್ಮಾ" ಎಂದು ಮುಗಿಸಿಬಿಡುತ್ತೀ. ಗೊತ್ತಿದ್ದರೆ ಸಾಲದು ಎಂಬುದೇ ನಾನು ಹೇಳಹೊರಟಿರುವುದು.

ಅಮೆರಿಕದ ಟೂಸಾನ್ ಊರಿನಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬಿಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿ 1987ರಲ್ಲಿ ಪ್ರಕಟಿಸಿದರು. ಮನೆ ಮಾರುವುದೇ ಕಸುಬಾದ ಏಜೆಂಟರನ್ನು ಒಂದೇ ಮನೆಗೆ ಕರೆದೊಯ್ದು, ವಿವರಗಳ ಕಡತ ಕೊಟ್ಟು, ಬೆಲೆ ಕಟ್ಟಲು ಹೇಳಿದರು. ಕಡತಗಳಲ್ಲಿ ಬೇರೆಬೇರೆ ಇದ್ದದ್ದು ಮಾಲೀಕರು ಕೇಳುವ ಬೆಲೆ ಮಾತ್ರ. ಹೆಚ್ಚು ಬೆಲೆ ನೋಡಿದವರು ಹೆಚ್ಚು ಕಟ್ಟಿದರು, ಕಡಿಮೆ ನೋಡಿದವರು ಕಡಿಮೆ. ಆ ಅಂಕಿ ಪ್ರಭಾವ ಬೀರಿತೇ ಎಂದು ಕೇಳಿದರೆ ಹೆಚ್ಚಿನವರು ಇಲ್ಲವೆಂದರು. ಕಸುಬಿನವರ ಪಾಡೇ ಹೀಗಾದರೆ ಮೊದಲ ಸಲ ಬಾಡಿಗೆ ಮನೆ ಹುಡುಕುವ ನಿನ್ನದು?

ಇದನ್ನು ಆಂಕರಿಂಗ್ ಎನ್ನುತ್ತಾರೆ. ಮೊದಲು ಕಿವಿಗೆ ಬಿದ್ದ ಅಂಕಿಯ ಸುತ್ತಲೇ ನಮ್ಮ ಅಂದಾಜು ಸುತ್ತುತ್ತದೆ. ಅಂಕಿಗೂ ವಿಷಯಕ್ಕೂ ಸಂಬಂಧವೇ ಬೇಕಿಲ್ಲ. ಟ್ವೆರ್ಸ್ಕಿ ಮತ್ತು ಕಾಹ್ನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರ ಲೇಖನದಲ್ಲಿ ವಿವರಿಸಿದ ಪ್ರಯೋಗದಲ್ಲಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳುವ ಮುಂಚೆ ಅಂಕಿಗಳಿದ್ದ ಒಂದು ಚಕ್ರ ತಿರುಗಿಸಿದರು. ಚಕ್ರ 10ಕ್ಕೆ ನಿಂತವರ ಮಧ್ಯಮ ಅಂದಾಜು 25, 65ಕ್ಕೆ ನಿಂತವರದ್ದು 45. ಇನ್ನು ಬ್ರೋಕರ್ ಹೇಳುವ ಬಾಡಿಗೆಗಂತೂ ಸಂಬಂಧ ಇದ್ದೇ ಇದೆ, ಬಿಡು.

ಆದ್ದರಿಂದ ಶುಕ್ರವಾರ ರಾತ್ರಿಯೇ ನಿನ್ನ ಅಂಕಿಯನ್ನು ಕಾಗದದಲ್ಲಿ ಬರೆ. ಬರೀ ಬಾಡಿಗೆಯನ್ನಲ್ಲ, ತಿಂಗಳ ಒಟ್ಟು ಖರ್ಚನ್ನು. ಒಂದು ಲೆಕ್ಕ ನೋಡು. ಮೊದಲ ಮನೆಗೆ ಬಾಡಿಗೆ 24,000, ಮೇಂಟೆನೆನ್ಸ್ 2,500, ಹಿಂಜವಡಿಯ ಆಫೀಸಿಗೆ ಹೋಗಿಬರಲು 3,500. ಒಂದು ತಿಂಗಳ ಬಾಡಿಗೆಯಷ್ಟು ಬ್ರೋಕರೇಜ್, ಅದನ್ನು ಕರಾರಿನ 11 ತಿಂಗಳಿಗೆ ಹಂಚಿದರೆ 2,182. ಒಟ್ಟು 32,182. ಎರಡನೆಯದಕ್ಕೆ ಮೇಂಟೆನೆನ್ಸ್ ಸೇರಿಸಿ ಬಾಡಿಗೆ 27,000, ಆಫೀಸು ಹತ್ತಿರವಾದ್ದರಿಂದ ಓಡಾಟಕ್ಕೆ 500, ಬ್ರೋಕರೇಜ್ ಪಾಲು 2,455. ಒಟ್ಟು 29,955. ಡಿಪಾಸಿಟ್ ಎರಡಕ್ಕೂ ಒಂದೇ ಎಂದಿಟ್ಟುಕೋ. ಬಾಯಲ್ಲಿ ಮೂರು ಸಾವಿರ ದುಬಾರಿ ಎನಿಸಿದ ಮನೆ ಲೆಕ್ಕದಲ್ಲಿ 2,227 ರೂಪಾಯಿ ಅಗ್ಗ. ಬ್ರೋಕರ್ ಬಾಡಿಗೆ 32,000 ಎಂದು ಶುರು ಮಾಡಿದರೆ ಅಲ್ಲೇ ಚೌಕಾಶಿಗೆ ಇಳಿಯಬೇಡ. ಈ ಮನೆಗೆ ಅಷ್ಟು ಯಾಕೆ ಜಾಸ್ತಿ ಎಂಬುದಕ್ಕೆ ಮೂರು ಕಾರಣ ಮನಸ್ಸಿನಲ್ಲೇ ಎಣಿಸು. ಅಂಕಿಯ ಹಿಡಿತ ಪೂರ್ತಿ ಬಿಡುವುದಿಲ್ಲ, ಸಡಿಲವಾಗುತ್ತದೆ.

ಇನ್ನೊಂದು, ಒಳ್ಳೆಯ ಬಾಲ್ಕನಿ ಕಂಡರೆ ನೀರೂ ಚೆನ್ನಾಗಿರುತ್ತದೆ, ಮಾಲೀಕರೂ ಒಳ್ಳೆಯವರೇ ಎಂದು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಇದಕ್ಕೆ ಕಾಹ್ನೆಮನ್ ಚಿಕ್ಕ ವಯಸ್ಸಿನಲ್ಲೇ, 1950ರ ದಶಕದಲ್ಲಿ, ಇಸ್ರೇಲ್ ಸೇನೆಯ ಸಂದರ್ಶನಗಳಲ್ಲಿ ಒಂದು ಉಪಾಯ ತಂದಿದ್ದರು. ಸಂದರ್ಶನಕ್ಕೆ ಬಂದವನ ಆರು ಗುಣ, ಒಂದಕ್ಕೆ ಅಂಕ ಕೊಟ್ಟ ಮೇಲೇ ಮುಂದಿನದು. ನೀನೂ ಹಾಗೇ ಮಾಡು: ನೀರು, ಆಫೀಸಿಗೆ ಹಿಡಿಯುವ ಸಮಯ, ಒಟ್ಟು ಖರ್ಚು, ಗೋಡೆಯ ಸೋರಿಕೆ, ರಾತ್ರಿ ನಡೆದುಬರುವ ದಾರಿ, ಮಾಲೀಕರ ಷರತ್ತು. ಪ್ರತಿಯೊಂದಕ್ಕೂ 1ರಿಂದ 5, ಆ ಮನೆಯಿಂದ ಹೊರಬಿದ್ದ ಕೂಡಲೇ, ಮುಂದಿನದನ್ನು ನೋಡುವ ಮೊದಲು. ಯಾಕೆಂದರೆ ಮೊದಲು ಒಂದು ಕೊಂಪೆ ತೋರಿಸಿ ಆಮೇಲೆ ಸಾಧಾರಣ ಮನೆಯನ್ನು ಅರಮನೆ ಎನಿಸುವುದು ಹಳೆಯ ವ್ಯಾಪಾರ. ಆ ಸಂದರ್ಶನಗಳ ಕೊನೆಗೆ ಕಣ್ಣು ಮುಚ್ಚಿ ಒಟ್ಟಾರೆ ಒಂದು ಅಂಕ ಕೊಡಿ ಎಂದೂ ಹೇಳಿದ್ದರು, ಅದೂ ಆರು ಅಂಕಗಳ ಮೊತ್ತದಷ್ಟೇ ಚೆನ್ನಾಗಿ ಕೆಲಸ ಮಾಡಿತು. ಥಟ್ಟನೆ ತೀರ್ಮಾನಕ್ಕೆ ಬರಲು ಮನಸ್ಸು ಹಿಡಿಯುವ ಒಳದಾರಿಗಳೆಲ್ಲ ಕೆಟ್ಟವೆಂದು ಸಾರುವವರನ್ನು ನಾನು ನಂಬುವುದಿಲ್ಲ. ಅನಿಸಿಕೆಗೂ ಜಾಗ ಕೊಡು, ಕೊನೆಯಲ್ಲಿ.

ಪ್ರಶ್ನೆ ಕೇಳುವಾಗ ಎಚ್ಚರ. "ನೀರು ಚೆನ್ನಾಗಿ ಬರುತ್ತಲ್ವಾ?" ಎಂದರೆ ಹೌದೆಂದೇ ಉತ್ತರ. ನಿನಗೆ ಬೇಕಾಗಿರುವುದು ನಿನ್ನ ಇಷ್ಟವನ್ನು ಮುರಿಯಬಲ್ಲ ಪ್ರಶ್ನೆ: "ಕಳೆದ ಮೇ ತಿಂಗಳಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬಂದವು?" ಕೇಳಬೇಕಾದದ್ದು ವಾಚ್‌ಮನ್‌ನನ್ನು, ಬ್ರೋಕರನ್ನಲ್ಲ. ಶನಿವಾರ ಮಧ್ಯಾಹ್ನದ ರಸ್ತೆ ನೋಡಿ ಸಮಯಕ್ಕೆ ಅಂಕ ಹಾಕಬೇಡ, ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಭೂಮ್ಕರ್ ಚೌಕದಲ್ಲಿ ಒಮ್ಮೆ ನಿಂತು ನೋಡು.

ಟೋಕನ್, ಅಂದರೆ ಮನೆ ಹಿಡಿದಿಡಲು ಕೊಡುವ ಮುಂಗಡದ ವಿಷಯ. ಐದು ಸಾವಿರ ಕೊಟ್ಟ ಮೇಲೆ ಸೋರಿಕೆ ಗೊತ್ತಾದರೆ "ದುಡ್ಡು ಹೋಗುತ್ತದಲ್ಲ" ಎಂದು ಅದೇ ಮನೆ ಹಿಡಿಯುವ ಆಸೆ ಬರುತ್ತದೆ. ಟೋಕನ್ ಕೊಟ್ಟೇ ಇಲ್ಲದಿದ್ದರೆ ಇವತ್ತು ಈ ಮನೆ ಹಿಡಿಯುತ್ತಿದ್ದೆನೇ ಎಂದು ಕೇಳಿಕೋ. ಇಲ್ಲ ಎಂದಾದರೆ ಐದು ಸಾವಿರ ಬಿಡು. ಮೊದಲೇ ರಸೀದಿ ತಗೊಂಡು, ಯಾವಾಗ ವಾಪಸ್ ಸಿಗುತ್ತದೆ ಎಂದು ಬರೆಸಿಕೊಂಡಿದ್ದರೆ ಅದೂ ಹೋಗಲಿಕ್ಕಿಲ್ಲ.

"ಇಲ್ಲಿ ಎಲ್ಲರೂ ಕರಾರನ್ನು ನೋಂದಣಿ ಮಾಡಿಸದೆ ನೋಟರಿಯಲ್ಲೇ ಮುಗಿಸುತ್ತಾರೆ" ಎಂದು ಯಾರಾದರೂ ಹೇಳಿಯಾರು. ಎಲ್ಲರೂ ಮಾಡುತ್ತಾರೆ ಎಂದ ಕೂಡಲೇ ತಲೆಯಾಡಿಸುವುದೂ ಒಂದು ಒಳದಾರಿಯೇ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಎಂಬ ಇಂಥ ಬಾಡಿಗೆ ಕರಾರು 11 ತಿಂಗಳದ್ದಾದರೂ ನೋಂದಣಿ ಆಗಲೇಬೇಕು, ಮಾಡಿಸುವ ಹೊಣೆ ಮಾಲೀಕರದ್ದು. ಆ ಖರ್ಚನ್ನು ಯಾರು ಕೊಡುವುದೆಂದು ಟೋಕನ್‌ಗೆ ಮುಂಚೆಯೇ ಕೇಳು, ನಿನ್ನ ಪಾಲಿಗೆ ಬಂದರೆ ಒಟ್ಟು ಲೆಕ್ಕಕ್ಕೆ ಸೇರಿಸು.

ನಿನ್ನ
ಅಮ್ಮ