ಮೂತ್ರದ ಮಾತ್ರೆ ಜೊತೆಗೆ ನೆಗಡಿ ಮಾತ್ರೆ: ಹಿರಿಯರಿಗೆ ಅಪಾಯ

ಮಾನ್ಯ ಸಂಪಾದಕರೆ,

ಪದೇಪದೇ ಮೂತ್ರಕ್ಕೆ ಅವಸರವಾಗಿ, ಬಚ್ಚಲು ಮುಟ್ಟುವಷ್ಟರಲ್ಲಿ ಬಟ್ಟೆಯಲ್ಲೇ ಆಗಿಬಿಡುವ ತೊಂದರೆಗೆ ವೈದ್ಯರು ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್ ಅಥವಾ ಸಾಲಿಫೆನಸಿನ್ ಮಾತ್ರೆ ಬರೆಯುತ್ತಾರೆ. ಮೂತ್ರಕೋಶದ ಸ್ನಾಯು ಹಿಂಡಿಕೊಳ್ಳಲು ಕಾರಣವಾದ, ನರಗಳ ಸಂದೇಶ ಒಯ್ಯುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ನ ಕೆಲಸವನ್ನು ಇವು ತಡೆಯುತ್ತವೆ. ಜೊಲ್ಲು, ಬೆವರು, ಕರುಳಿನ ಚಲನೆ, ನೆನಪು ಇವಕ್ಕೂ ಅದೇ ಬೇಕು. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಆಗುವುದು ಇದರಿಂದಲೇ.

ನಿಜವಾದ ಅಪಾಯ ಇರುವುದು ಇದೇ ಗುಣದ ಮಾತ್ರೆಗಳು ಒಂದರ ಮೇಲೊಂದು ಸೇರಿದಾಗ. ನೆಗಡಿಗೆ ಕ್ಲೋರ್‌ಫೆನಿರಮಿನ್, ಹೊಟ್ಟೆನೋವಿಗೆ ಡೈಸೈಕ್ಲೊಮಿನ್, ನರದ ನೋವಿಗೆ ಅಮಿಟ್ರಿಪ್ಟಿಲಿನ್, ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಇವೆಲ್ಲ ಒಂದೇ ದಾರಿಯವು. ಮೂತ್ರದ ಮಾತ್ರೆಯ ಜೊತೆ ಇವು ಬಿದ್ದರೆ ಎಪ್ಪತ್ತು ದಾಟಿದವರು ದಿನ, ಹೊತ್ತು ಮರೆಯಬಹುದು, ಇಲ್ಲದ್ದನ್ನು ಕಾಣಬಹುದು, ರಾತ್ರಿ ಎದ್ದು ಬೀಳಬಹುದು. ಮನೆಯವರು ‘ಅರಳು ಮರಳು’ ಎಂದು ಸುಮ್ಮನಾಗುತ್ತಾರೆ. ಹೊಸ ಮಾತ್ರೆ ಶುರುವಾದ ಮೇಲೆ ಗೊಂದಲ ಕಂಡರೆ ಮೊದಲು ಅನುಮಾನಿಸಬೇಕಾದ್ದು ಮಾತ್ರೆಯನ್ನೇ. ಇನ್ನೂ ಬೇಸರದ ಸಂಗತಿ, ಮರೆವಿಗೆ ಕೊಡುವ ಡೊನೆಪೆಜಿಲ್‌ನಿಂದಲೇ ಕೆಲವರಿಗೆ ಮೂತ್ರದ ಅವಸರ ಹೆಚ್ಚುತ್ತದೆ. ಅದಕ್ಕೆ ಆಕ್ಸಿಬ್ಯುಟಿನಿನ್ ಸೇರಿಸಿದರೆ ಎರಡೂ ಪರಸ್ಪರ ವಿರುದ್ಧವಾಗಿ ಎಳೆದಾಡುತ್ತವೆ.

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಈ ಮಾತ್ರೆಗಳಿಂದ ಬೆವರು ಕಡಿಮೆಯಾಗುವುದು ಸಣ್ಣ ಮಾತಲ್ಲ. ಚರ್ಮ ಒಣಗಿ ಮೈ ಸುಡುತ್ತ ಮಾತು ತೊದಲಿದರೆ ಮೈ ತಣಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಮೂತ್ರಕ್ಕೆ ಹೆದರಿ ನೀರು ಕುಡಿಯುವುದನ್ನು ಬಿಡುವುದೂ ತಪ್ಪು: ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಕೆಣಕುತ್ತದೆ, ಮಲ ಕಟ್ಟಿ ಮೂತ್ರಕೋಶವನ್ನು ಒತ್ತುತ್ತದೆ. ಸಂಜೆಯ ಕಾಫಿ, ಚಹಾ ಬಿಡುವುದು ಮೇಲು.

ಪ್ರೊಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಮಾತ್ರೆ ಶುರುಮಾಡುವ ಮೊದಲು, ಮೂತ್ರ ಮಾಡಿದ ಮೇಲೂ ಎಷ್ಟು ಉಳಿದಿದೆ ಎಂದು ಸ್ಕ್ಯಾನ್‌ನಲ್ಲಿ ನೋಡಿಸಬೇಕು. ಮೂತ್ರ ಕಟ್ಟಿ ಕಿಬ್ಬೊಟ್ಟೆ ನೋಯತೊಡಗಿದರೆ, ಅಥವಾ ಕಣ್ಣು ಕೆಂಪಾಗಿ ನೋಯುತ್ತ ದೀಪದ ಸುತ್ತ ಬಣ್ಣದ ಬಳೆ ಕಂಡರೆ ಕಾಯುವಂತಿಲ್ಲ. ಕಿರುಕೋನದ ಗ್ಲಾಕೋಮಾ (ಕಣ್ಣಿನ ಒಳಒತ್ತಡ ಏರುವ ಕಾಯಿಲೆ) ಹತೋಟಿಯಲ್ಲಿಲ್ಲದವರಿಗೆ, ಮಯಸ್ತೇನಿಯಾ ಗ್ರೇವಿಸ್ (ಸ್ನಾಯುಗಳು ಸೋಲುವ ಕಾಯಿಲೆ) ಇರುವವರಿಗೆ ಈ ಮಾತ್ರೆಗಳು ಸಲ್ಲವು.

ಪ್ರಮಾಣದ ವಿಷಯದಲ್ಲಿ ಕೈಬಿಗಿ ಇರಲಿ. ಬಳಲಿದ ಹಿರಿಯರಿಗೆ ಆಕ್ಸಿಬ್ಯುಟಿನಿನ್ ಸಾಮಾನ್ಯವಾಗಿ 2.5 ಮಿ.ಗ್ರಾಂ.ನಿಂದ, ದಿನಕ್ಕೆ ಎರಡು ಬಾರಿ ಶುರುವಾಗುತ್ತದೆ. ಸಾಲಿಫೆನಸಿನ್ ದಿನಕ್ಕೆ 5 ಮಿ.ಗ್ರಾಂ.; ಮೂತ್ರಪಿಂಡ ತೀವ್ರವಾಗಿ ಕುಂದಿದವರು, ಶಿಲೀಂಧ್ರದ ಸೋಂಕಿಗೆ ಕೊಡುವ ಕೀಟೊಕೊನಜೋಲ್ ನುಂಗುವವರು ಅದನ್ನು ಮೀರಬಾರದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮುರಿಯಬೇಡಿ, ಅಗಿಯಬೇಡಿ. ದಿನವಿಡೀ ಸಿಗಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಅಂಥ ಕೆಲವು ಮಾತ್ರೆಗಳ ಖಾಲಿ ಕವಚ ಮಲದಲ್ಲಿ ಕಂಡರೆ ಗಾಬರಿ ಬೇಡ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಪೂರ್ತಿ ಗುಣ ಕಾಣಲು ನಾಲ್ಕು ವಾರವಾದರೂ ಬೇಕು. ಆಮೇಲೂ ಗುಣವಿಲ್ಲದಿದ್ದರೆ ವರ್ಷಗಟ್ಟಲೆ ಎಳೆಯದೆ ವೈದ್ಯರನ್ನು ಕೇಳಿ. ಮಿರಾಬೆಗ್ರಾನ್ ಎಂಬ ಬೇರೆ ಬಗೆಯ ಮಾತ್ರೆಯಿದೆ, ಅದಕ್ಕೆ ರಕ್ತದೊತ್ತಡ ನೋಡಿಸುತ್ತಿರಬೇಕು.

ಔಷಧ ಅಂಗಡಿಯವರಲ್ಲಿ ನಮ್ಮ ಕೋರಿಕೆ ಇಷ್ಟೇ: ವಯಸ್ಸಾದವರಿಗೆಂದು ನೆಗಡಿ ಅಥವಾ ಹೊಟ್ಟೆನೋವಿನ ಮಾತ್ರೆ ಕೇಳಿದಾಗ, ‘ಮೂತ್ರಕ್ಕೆ ಯಾವುದಾದರೂ ಮಾತ್ರೆ ನಡೆಯುತ್ತಿದೆಯೇ?’ ಎಂದು ಕೇಳಿ ಕೊಡಿ.

– ಫಾರ್ಮಸಿಸ್ಟರು, ರಾಯಚೂರು