ಬೈಪಾಸ್ ಮಾಡದೆ ಹುಡುಕಿಕೊಟ್ಟವರಿಗೆ

ಹಳೆ ಫ್ಯೂಸ್ ಬೋರ್ಡ್ ತೆಗೆಸಿ ಹೊಸ ಡಿಬಿ (ಮನೆಗೆಲ್ಲ ಕರೆಂಟ್ ಹಂಚುವ ಬೋರ್ಡ್) ಹಾಕಿಸಿದ್ದೆ. ಒಂದು ಫ್ಯಾನ್ ಹಾಕಿದರೆ ಸಾಕು, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟಪ್ ಅಂತ ಬೀಳುತ್ತಿತ್ತು. ಬೋರ್ಡ್ ಹಾಕಿದವರು ‘ಅದನ್ನು ಬಿಟ್ಟು ನೇರ ಕನೆಕ್ಷನ್ ಕೊಟ್ಟು ಬೈಪಾಸ್ ಮಾಡಿಬಿಡೋಣ’ ಎಂದರು. ನನಗೆ ಧೈರ್ಯ ಬರಲಿಲ್ಲ. ಕತ್ತಲಾಗುತ್ತಿತ್ತು, ಅಮ್ಮನಿಗೆ ಬೇರೆ ಹುಷಾರಿರಲಿಲ್ಲ.

ಆಗ ಬಂದ ಎಲೆಕ್ಟ್ರಿಷಿಯನ್ ನೀವು. ಗಡಿಬಿಡಿಯಲ್ಲಿ ಹೆಸರು ಕೇಳುವುದನ್ನೂ ಮರೆತೆ. ಮೇನ್ ಆಫ್ ಮಾಡಿದ ಮೇಲೂ ಟೆಸ್ಟರ್ ಇಟ್ಟು ನೋಡಿದಿರಿ. ನ್ಯೂಟ್ರಲ್ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಮೆಗ್ಗರ್ (ವೈರಿನ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚುತ್ತಾ ಹೋದಿರಿ. ಕೊನೆಗೆ ರೂಮಿನ ಸ್ವಿಚ್ ಬೋರ್ಡಿನ ಹಿಂದೆ ಸಿಕ್ಕಿತು. ಸಿಪ್ಪೆ ಸುಲಿದ ನ್ಯೂಟ್ರಲ್ ವೈರು ಅರ್ಥ್ ವೈರಿಗೆ ತಾಗಿಕೊಂಡಿತ್ತು!

‘ಹಳೆ ಫ್ಯೂಸಿಗೆ ಇದೆಲ್ಲ ಗೊತ್ತಾಗಲ್ಲ. ಇದು 30 ಮಿಲಿಆಂಪ್ ಸೋರಿದರೂ ಬೀಳುತ್ತೆ. ಅದರ ಕೆಲಸ ಅದು ಮಾಡ್ತಿದೆ, ಬೈಬೇಡಿ’ ಎಂದು ನಕ್ಕಿರಿ. ಪಕ್ಕದಲ್ಲೇ ಟೇಪ್ ಸುತ್ತಿದ್ದ ಜಾಯಿಂಟ್ ಸುಟ್ಟು ಕಪ್ಪಾಗಿತ್ತು. ನಾನು ಕೇಳದಿದ್ದರೂ ಅಲ್ಲಿಗೆ ಹೊಸ ವೈರ್ ಎಳೆದಿರಿ.

ಹೊರಡುವಾಗ ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನು ನನ್ನ ಕೈಯಲ್ಲೇ ಒತ್ತಿಸಿದಿರಿ. ಬಿದ್ದ ಗಾರೆ ಪುಡಿಯನ್ನು, ಬೇಡ ಅಂದರೂ ಕೇಳದೆ, ನೀವೇ ಗುಡಿಸಿದಿರಿ. ಆ ರಾತ್ರಿ ಅಮ್ಮನ ರೂಮಿನ ಫ್ಯಾನ್ ಸದ್ದು ಕೇಳುತ್ತಾ ಕೇಳುತ್ತಾ ನನಗೂ ನಿದ್ದೆ ಹತ್ತಿತು. ತುಂಬಾ ಥ್ಯಾಂಕ್ಸ್ ಅಣ್ಣಾ.